ಖಣದ ಗಂಟು

ಈ ವಾರ ನಮ್ಮ ಓಣಿಗೆ ಭಾಂಡೆ ಮಾರುವಾಕೆ ಬಂದಿದ್ದಳು. "ಹಳೇ ಅರಿವಿಗೆ ಸ್ಟೀಲ್ ಭಾಂಡೇ" ಎಂದು ಕೊನೆಯ ಅಕ್ಷರವನ್ನು ಎಳೆದು ಕೂಗುವ ಆ ಧಾಟಿ ಶಹಾಪುರದಲ್ಲಿ, ಸುರಪುರದಲ್ಲಿ, ಯಾದಗಿರಿಯ ಸ್ಟೇಷನ್ ಏರಿಯಾದಲ್ಲಿ, ಎಲ್ಲ ಕಡೆಗೂ ಒಂದೇ. ನಾನು ಕಪಾಟು ಖಾಲಿ ಮಾಡುತ್ತ ಕೂತ ಹೊತ್ತಿಗೇ ಬಂದಳಲ್ಲ ಎಂದು ಖುಷಿಯಾಗಿ, ತೆಗೆದಿಟ್ಟಿದ್ದನ್ನೆಲ್ಲ ಕಟ್ಟೆಯ ಮೇಲೆ ತಂದು ಸುರಿದೆ. ಆಕೆ ಪ್ಯಾಂಟುಗಳ ಮೊಣಕಾಲನ್ನು ಬಿಸಿಲಿಗೆ ಹಿಡಿದು ನೋಡಿದಳು. ಸೀರೆಯ ಸೆರಗನ್ನು ಎರಡೂ ಕೈಯಿಂದ ಜಗ್ಗಿ ನೋಡಿದಳು. ಒಂದು ಡಬ್ಬಿಗೋ ಎರಡು ಡಬ್ಬಿಗೋ ಎಂದು ಚೌಕಾಸಿ ನಡೆಯಿತು. ನಿವೃತ್ತಿಯಾದ ಮೇಲೆ ಚೌಕಾಸಿಗೆ ಎಷ್ಟು ಪುರುಸೊತ್ತು ಸಿಗುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು.

ಕೊನೆಗೆ ಖಣಗಳ ಗಂಟು ಬಿಚ್ಚಿದೆ. ಎಲ್ಲ ಹೊಸವು. ಎಷ್ಟೋ ಖಣಗಳ ಮೇಲಿನ ಪ್ಲಾಸ್ಟಿಕ್ ಕೂಡ ಹರಿದಿಲ್ಲ. ಆಕೆ ಕೈ ಸಹ ಹಚ್ಚಲಿಲ್ಲ. "ಇವು ಬ್ಯಾಡ್ರಿ ಅಕ್ಕೋರೆ, ಇಂಥಾವು ನಮ್ಮನ್ಯಾಗೂ ಒಂದ್ ಗಂಟು ಅದಾವ" ಅಂದಳು.

ಇದನ್ನು ನಾನು ಯೋಚಿಸಿರಲಿಲ್ಲ. ಊರೂರು ತಿರುಗುವ ಆಕೆಗೂ ಉಡಿ ತುಂಬುವವರು ಇದ್ದಾರೆ, ಇರಲೇಬೇಕಲ್ಲ. ಆಕೆಯ ಮನೆಯ ಟ್ರಂಕಿನಲ್ಲೂ ಗಿಳಿಹಸಿರು, ಕುಂಕುಮಗೆಂಪು, ಅರಿಶಿನದ ಬಣ್ಣದ ಚೌಕಗಳು ಒಂದರ ಮೇಲೊಂದು ಕೂತಿವೆ.

ಪುಣೆಯಲ್ಲಿರುವ ಮಗಳು ಕಪಾಟಿನ ವಿಷಯಕ್ಕೆ ಒಂದು ನಿಯಮ ಹೇಳಿಕೊಟ್ಟಿದ್ದಳು. "ವರ್ಷದಾಗ ಒಮ್ಮೆನೂ ಉಟ್ಟಿಲ್ಲಂದ್ರ ತಗದು ಕೊಟ್ಟುಬಿಡವ್ವ." ಈ ಲೆಕ್ಕಕ್ಕೆ ಮೊದಲು ಸ್ವೆಟರ್ ಹೋಗಬೇಕು, ನಮ್ಮ ಕಡೆ ಅದಕ್ಕೆ ಕೆಲಸವೇ ಇಲ್ಲ. ಸೀರೆಗಳಿಗೂ ಆ ನಿಯಮ ಸರಿಯಾಗಿಯೇ ಹೊಂದಿತು. ಶಾಲೆಗೆಂದು ಉಡುತ್ತಿದ್ದ, ಇಸ್ತ್ರಿಯಿಲ್ಲದೆ ನಿಲ್ಲದ, ಹೆಗಲಿಗೊಂದು ಪಿನ್ನು ಬೇಡುವ ಸೀರೆಗಳನ್ನು ಕೊಡುವಾಗ ಕೈ ಅನುಮಾನಿಸಲಿಲ್ಲ. ಖಣದ ಹತ್ತಿರ ಬಂದಾಗ ಮಾತ್ರ ನಿಯಮ ನಿಂತುಹೋಯಿತು. ಅವುಗಳಲ್ಲಿ ಯಾವುದನ್ನೂ ನಾನು ತೊಡುತ್ತೇನೆಂದು ಯಾರೂ ಕೊಟ್ಟಿಲ್ಲ. ನಾನೂ ಹಾಗೆಂದು ತೆಗೆದುಕೊಂಡಿಲ್ಲ.

ಖಣ ಓಡಾಡುವ ಬಗೆಯೇ ಬೇರೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರಿನ ಜೊತೆ ಅದು ಉಡಿಗೆ ಬೀಳುತ್ತದೆ. ಮನೆಗೆ ಬಂದ ಮೇಲೆ ಅಕ್ಕಿ ಡಬ್ಬಿಗೆ, ಕೊಬ್ಬರಿ ಅಡುಗೆಗೆ, ಖಣ ಕಪಾಟಿಗೆ. ಇನ್ನೊಬ್ಬರು ಬಂದಾಗ ಅದೇ ಖಣ ಅವರ ಉಡಿಗೆ. ಚಲಾವಣೆಯ ನೋಟಿನ ಹಾಗೆ ಅದಕ್ಕೆ ಕೈಯಿಂದ ಕೈಗೆ ಹೋಗುವುದೊಂದೇ ಉದ್ಯೋಗ. ಒಂದು ಗಿಳಿಹಸಿರು ಖಣದ ಮೂಲೆಗೆ ನಮ್ಮ ದೇವರ ಮನೆಯ ಎಣ್ಣೆ ತಾಗಿ ಸಣ್ಣ ಕಲೆಯಾಗಿತ್ತು. ಅದು ಕಾಣದ ಹಾಗೆ ಒಳಮಡಿಕೆ ಹಾಕಿ ಸಹೋದ್ಯೋಗಿಯೊಬ್ಬರ ಮಗಳ ಕುಬಸದ ಕಾರ್ಯಕ್ಕೆ ಕೊಟ್ಟಿದ್ದೆ. ಎಷ್ಟೋ ವರ್ಷಗಳ ಮೇಲೆ, ಅವರಿಗೆ ಏನೇನೂ ಸಂಬಂಧವಿಲ್ಲದ ಮನೆಯೊಂದರ ಗೃಹಪ್ರವೇಶದಲ್ಲಿ, ಅದೇ ಕಲೆಯ ಖಣ ನನ್ನ ಉಡಿಗೆ ಬಂತು. ನಡುವೆ ಯಾವ ಯಾವ ಊರು ನೋಡಿತ್ತೋ! ಕೆಂಭಾವಿಗೆ ಹೋಗಿತ್ತೋ, ಹುಣಸಗಿಗೆ ಹೋಗಿತ್ತೋ, ಭೀಮೆ ದಾಟಿ ರೈಲು ಹತ್ತಿತ್ತೋ. ನಾನೇನೂ ಮಾತಾಡದೆ ಮನೆಗೆ ತಂದೆ. ಅದು ಈಗಲೂ ನನ್ನ ಹತ್ತಿರವೇ ಇದೆ. ಕೊಡಲು ಮನಸ್ಸಾಗುತ್ತಿಲ್ಲ. ಅಷ್ಟು ತಿರುಗಿದ್ದಕ್ಕೆ ಸ್ವಲ್ಪ ವಿಶ್ರಾಂತಿ ಬೇಡವೇ.

ನಗುವ ವಿಷಯ ಹೌದು, ಆದರೆ ಈ ಕೊಡುಗೆ ಹುಟ್ಟಿದ ಕಾಲದಲ್ಲಿ ನಗುವಂಥದ್ದೇನೂ ಇರಲಿಲ್ಲ. ನಮ್ಮ ಅವ್ವನ ಕಾಲದಲ್ಲಿ ಒಂದು ಖಣ ಎಂದರೆ ಒಂದು ಕುಬಸ, ಇನ್ನೊಂದು ಮಾತಿಲ್ಲ. ಸೀರೆಯ ಜೊತೆಗೇ ಜಂಪರಿನ ತುಂಡು ಅಂಟಿಕೊಂಡು ಬರುತ್ತಿರಲಿಲ್ಲ. ತವರಿಗೆ ಹೋದ ಮಗಳಿಗೆ, ಮನೆಗೆ ಬಂದ ನೆಂಟಳಿಗೆ ಖಣ ಕೊಟ್ಟರೆ ಅದು ಎರಡು ವರ್ಷ ಮೈಮೇಲೆ ಇರುತ್ತಿತ್ತು. ಈಗ ಸೀರೆಯ ತುದಿಯಲ್ಲೇ ಅದೇ ಬಣ್ಣದ ಜಂಪರ್ ನೇಯ್ದಿರುತ್ತದೆ. ಬಿಡಿ ಖಣ ಯಾವ ಸೀರೆಗೂ ಹೊಂದುವುದಿಲ್ಲ. ಅಂಗಡಿಯವರಿಗೂ ಇದು ಗೊತ್ತು. ಅದಕ್ಕೇ 80 ಸೆಂಟಿಮೀಟರಿಗೆ ಕತ್ತರಿಸಿ, ಆಚೆ ಕಡೆಯ ಬೆರಳು ಕಾಣುವಷ್ಟು ತೆಳುವಾದದ್ದನ್ನು ಕಟ್ಟುಗಟ್ಟಲೆ ಮಾರುತ್ತಾರೆ. ಹೊಲಿಸುವವರಿಲ್ಲ ಎಂದು ಗೊತ್ತಿದ್ದು ಮಾಡಿದ ಅರಿವಿ ಅದು.

ಗಂಡಸರು ನಗಬೇಕಾಗಿಲ್ಲ. ಅವರ ಕಡೆಯ ಹಲಗೆಯ ಮೇಲೆ ಸನ್ಮಾನದ ಶಾಲುಗಳಿವೆ. ಏಪ್ರಿಲಿನಲ್ಲಿ, ಫ್ಯಾನಿನ ಗಾಳಿಯೂ ಬಿಸಿಯಾಗಿ ಬೀಸುವ ಸಭಾಂಗಣದಲ್ಲಿ, ಮನುಷ್ಯನಿಗೆ ಶಾಲು ಹೊದಿಸಿ, ಮೇಲೊಂದು ಹಾರ ಹಾಕಿ, ತಲೆಗೆ ಪೇಟ ಇಟ್ಟು ಗೌರವಿಸುವ ಧೈರ್ಯ ನಮ್ಮ ಜಿಲ್ಲೆಯವರದು. 2021ರ ಆಗಸ್ಟಿನಲ್ಲಿ ಸರ್ಕಾರವೇ ತನ್ನ ಸಮಾರಂಭಗಳಿಗೆ ಹಾರ, ಶಾಲು, ನೆನಪಿನ ಕಾಣಿಕೆ ಬೇಡ, ಕನ್ನಡ ಪುಸ್ತಕ ಕೊಡಿ ಎಂದು ಸುತ್ತೋಲೆ ಹೊರಡಿಸಿತ್ತು. ನಮ್ಮ ಕಪಾಟಿನ ಮಟ್ಟಿಗೆ ಹೇಳುವುದಾದರೆ ಶಾಲುಗಳಿಗೆ ಇನ್ನೂ ಆ ಸುದ್ದಿ ಮುಟ್ಟಿಲ್ಲ.

ಗಂಟಿನ ತಳದಲ್ಲಿ ಅವ್ವನದೊಂದು ಖಣ ಸಿಕ್ಕಿತು. ಅಸಲು ಗುಳೇದಗುಡ್ಡದ್ದು. ರೇಷ್ಮೆಯ ಹಾಸು, ಹತ್ತಿಯ ಹೊಕ್ಕು, ಮೈತುಂಬ ಸಣ್ಣ ಸಣ್ಣ ತೇರಿನ ಬುಟ್ಟಾ. ಎರಡೂ ಅಂಚಿಗೆ ದಡಿ ಇದೆ. ಕತ್ತರಿಸುವವರು ಬಲ್ಲವರಾದರೆ ಅದೇ ತೋಳಿನ ಅಂಚಾಗಿ ಕೂರುತ್ತದೆ. ಬೆಳಕಿಗೆ ಹಿಡಿದು ಓರೆ ಮಾಡಿದರೆ ಕೆಂಪು ಇದ್ದದ್ದು ಹಸಿರಿಗೆ ತಿರುಗುತ್ತದೆ. ಅವ್ವ ಅದನ್ನು ಹೊಲಿಸಲಿಲ್ಲ, ಯಾರಿಗೂ ಕೊಡಲೂ ಇಲ್ಲ. ಡಾಂಬರ ಗುಳಿಗೆ ಹಾಕಿ ಇಟ್ಟಳು. ವರ್ಷಕ್ಕೊಮ್ಮೆ ಮಡಿಕೆ ಬದಲಿಸುತ್ತಿದ್ದಳು. ಮಡಿಕೆ ಬದಲಿಸದಿದ್ದರೆ ರೇಷ್ಮೆ ಆ ಗೆರೆಯಲ್ಲೇ ಮುರಿಯುತ್ತದೆ. ಯಾವ ಹಬ್ಬಕ್ಕೆಂದು ಕಾಯುತ್ತಿದ್ದಳೋ ಹೇಳಲಿಲ್ಲ. ಈಗ ಬೆಂಗಳೂರು ಪುಣೆಯ ಹುಡುಗಿಯರು ಇಡೀ ಸೀರೆಯನ್ನೇ ಖಣದ ಅರಿವಿಯಲ್ಲಿ ಉಡುತ್ತಾರಂತೆ. ಮಗಳು ಫೋಟೋ ಕಳಿಸಿದ್ದಳು, ಚೆಂದ ಕಾಣುತ್ತದೆ.

ಅವ್ವನ ಖಣವನ್ನು ಕೈಯಲ್ಲಿ ಹಿಡಿದು ಕೂತಾಗ ಮುದನೂರಿನ ದಾಸಿಮಯ್ಯ ನೆನಪಾದ. ಸುರಪುರದ ಕಡೆಯ ಊರು ಅದು, ನಮ್ಮದೇ ನೆಲ. ಬಸವಣ್ಣನವರಿಗಿಂತ ಮೊದಲಿನವನು ಎನ್ನುತ್ತಾರೆ. ನೇಕಾರ. ರಾಮನಾಥ ಎಂಬ ಅಂಕಿತದಲ್ಲಿ ವಚನ ಹೇಳಿದವನು. ನಾವೆಲ್ಲ ಕೇಳುತ್ತ ಬಂದ ಕಥೆ ಹೀಗಿದೆ. ಆತ ಬಹಳ ದಿನ ಶ್ರಮಪಟ್ಟು ಒಂದು ದಿವ್ಯವಾದ ವಸ್ತ್ರ ನೇಯ್ದ. ಸಂತೆಗೆ ಒಯ್ದರೆ ಅದರ ಬೆಲೆ ಕಟ್ಟುವವರೇ ಇಲ್ಲ. ಮಾರದೆ ತಿರುಗಿ ಬರುವಾಗ ದಾರಿಯಲ್ಲಿ ಒಬ್ಬ ಮುದುಕ ಜಂಗಮ ಅದನ್ನು ಬೇಡಿದ. ಇವನು ಕೊಟ್ಟ. ಮುದುಕ ಅಲ್ಲೇ, ಇವನ ಕಣ್ಣೆದುರೇ, ಅದನ್ನು ಚಿಂದಿ ಚಿಂದಿ ಮಾಡಿ ಹರಿದ. ದಾಸಿಮಯ್ಯನಿಗೆ ಸಿಟ್ಟು ಬರಲಿಲ್ಲ. ಮುದುಕ ಶಿವನಾಗಿದ್ದ, ಮೆಚ್ಚಿ ಎಂದಿಗೂ ತೀರದ ತವನಿಧಿ ಕೊಟ್ಟ.

ಶಾಲೆಯಲ್ಲಿ ಈ ಕಥೆ ಹೇಳುವಾಗ ನಾನೂ ತವನಿಧಿಗೆ ಬೇಗ ಬಂದುಬಿಡುತ್ತಿದ್ದೆ. ಮಕ್ಕಳಿಗೆ ಆ ಭಾಗವೇ ಇಷ್ಟ. ಈಗ ಕಪಾಟಿನ ಎದುರು ಕೂತರೆ ಮನಸ್ಸು ನಡುವಿನ ಗಳಿಗೆಯಲ್ಲೇ ನಿಲ್ಲುತ್ತದೆ. ಅರಿವಿ ಹರಿಯುವ ಸದ್ದು ಕೇಳಿದೆ, ಮುದುಕ ಯಾರೆಂದು ಇನ್ನೂ ಗೊತ್ತಿಲ್ಲ, ಕೈಯಲ್ಲಿ ದುಡ್ಡಿಲ್ಲ, ಮನೆಯಲ್ಲಿ ಹೆಂಡತಿ ದುಗ್ಗಳೆ ಒಲೆಯ ಮುಂದೆ ಕಾಯುತ್ತಿದ್ದಾಳೆ. ಆ ಹೊತ್ತಿನಲ್ಲಿ ಮುಖ ಗಂಟಿಕ್ಕದೆ ನಿಂತನಲ್ಲ, ಅದು ಹೇಗೆ? ಕೊಟ್ಟ ಮೇಲೆ ಅರಿವಿ ಕೊಟ್ಟವನದಲ್ಲ ಎಂದು ಬಾಯಲ್ಲಿ ಹೇಳುವುದು ಸುಲಭ. ನಾವು ಕೊಟ್ಟ ಸೀರೆಯನ್ನು ಯಾರೋ ಬಾಗಿಲ ಪರದೆ ಮಾಡಿದ್ದನ್ನು ನೋಡಿ ಮುಖ ಸಣ್ಣದು ಮಾಡಿಕೊಂಡವರು ನಾವು. ಭಾಂಡೆಯಾಕೆ ಪ್ಯಾಂಟಿನ ಮೊಣಕಾಲು ಪರೀಕ್ಷಿಸಿದ್ದಕ್ಕೇ ನನಗೆ ಸ್ವಲ್ಪ ಕಸಿವಿಸಿಯಾಗಿತ್ತು. ಇನ್ನು ದಾಸಿಮಯ್ಯನ ಮಾತು ದೂರವೇ ಉಳಿಯಿತು.

ಖಣಗಳಿಗೆ ದಾರಿ ಸಿಕ್ಕಿತು, ಅಥವಾ ಅರ್ಧ ಗಂಟಿಗೆ ಸಿಕ್ಕಿತು ಎನ್ನೋಣ. ಹಿಂದಿನ ಓಣಿಯಲ್ಲಿ ಒಬ್ಬರು ಹುಡುಗಿಯರಿಗೆ ಹೊಲಿಗೆ ಕಲಿಸುತ್ತಾರೆ. ತೋಳು ಕೂರಿಸುವುದನ್ನು, ಕೊರಳು ತಿರುವುವುದನ್ನು ಹಳೆ ಪೇಪರಿನ ಮೇಲೆ ಕಲಿಯುವುದಕ್ಕಿಂತ ಇದರ ಮೇಲೆ ಕಲಿಯಲಿ ಎಂದು ಒಯ್ದು ಕೊಟ್ಟೆ. ಕೆಡಿಸಿದರೂ ಚಿಂತೆಯಿಲ್ಲ ಅಂದೆ. ಆ ಹುಡುಗಿಯರು ಕತ್ತರಿ ಹಿಡಿದ ವೇಗ ನೋಡಿ ಎದೆ ಒಂದು ಸಲ ಧಸಕ್ ಅಂದಿದ್ದು ನಿಜ. ಇನ್ನೊಂದಿಷ್ಟು ಕೌದಿ ಹೊಲಿಯುವ ಮುದುಕಿಗೆ ಹೋಯಿತು. ಕೌದಿಯ ಮೈಗೆ ಆಕೆ ಇದನ್ನು ಒಪ್ಪುವುದಿಲ್ಲ, ಅದಕ್ಕೆ ನೂರು ಸಲ ಒಗೆದು ಮೆತ್ತಗಾದ ಹತ್ತಿಯ ಸೀರೆಯೇ ಬೇಕು. ಮೇಲೆ ಬಣ್ಣದ ಚೌಕಕ್ಕೆ, ಮೂಲೆಯ ತ್ರಿಕೋನಕ್ಕೆ ಆಗ್ತಾವ ಎಂದು ಇಟ್ಟುಕೊಂಡಳು. ಉಳಿದರ್ಧ ಕಪಾಟಿಗೇ ವಾಪಸು. ಶ್ರಾವಣ ಬರುತ್ತದೆ, ದಸರೆ ಬರುತ್ತದೆ, ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಲಿ ಕಳಿಸಲಾದೀತೇ?

ಕಪಾಟಿನಲ್ಲಿ ಒಂದು ಹಲಗೆ ಮಾತ್ರ ಪೂರ್ತಿ ಬರಿದಾಯಿತು. ಅಲ್ಲಿ ಈಗ ದಿನಾ ಉಡುವ ಹತ್ತಿಯ ಸೀರೆಗಳಿವೆ. ಬೆಳಗ್ಗೆ ಸ್ನಾನ ಮಾಡಿ ಬಂದು ಕಣ್ಣು ಮುಚ್ಚಿ ಕೈ ಹಾಕಿದರೂ ಸಿಗುವುದು ಉಡುವಂಥದ್ದೇ. ಪ್ರಾರ್ಥನೆಯ ಗಂಟೆ ಇಲ್ಲ, ಪಿನ್ನು ಹುಡುಕುವುದಿಲ್ಲ. ಒಗೆದದ್ದನ್ನು ಮಾಳಿಗೆಯ ಮೇಲೆ ಹರವಿದರೆ ನಮ್ಮ ಬಿಸಿಲಿಗೆ ಎರಡನೇ ಚಹಾ ಕುಡಿಯುವುದರೊಳಗೆ ಗರಿಗರಿಯಾಗಿರುತ್ತದೆ. ಅದನ್ನು ಮಡಿಚುವ ಮೊದಲು ಮುಖಕ್ಕೆ ಹಿಡಿದುಕೊಳ್ಳುತ್ತೇನೆ, ಅದಕ್ಕೊಂದು ವಾಸನೆ ಇದೆಯಲ್ಲ. ನೌಕರಿಯ ಕಾಲದಲ್ಲೂ ಆ ವಾಸನೆ ಇದ್ದೇ ಇತ್ತು, ಒಣಗಿದ್ದನ್ನು ಎಳೆದುಕೊಂಡು ಓಡುತ್ತಿದ್ದೆ ಅಷ್ಟೆ.

ಅವ್ವನ ಖಣ ಹಿಡಿದುಕೊಂಡು ಮೊನ್ನೆ ಸುರಪುರದ ರಂಗಂಪೇಟೆಗೆ ಹೋಗಿದ್ದೆ. ಅಲ್ಲೊಬ್ಬರು ವಯಸ್ಸಾದ ಟೇಲರ್ ಚಾಚಾ ಇದ್ದಾರೆ. ದಡಿ ತೋಳಿಗೆ ಬರುವ ಹಾಗೆ ಖಣ ಕತ್ತರಿಸಬಲ್ಲವರು. ಹರವಿ ನೋಡಿದರು, ತಿರುವಿ ನೋಡಿದರು, ಬೆರಳಿನಿಂದ ತೇರುಗಳ ಸಾಲು ಸವರಿದರು. "ಇದಕ್ಕ ಕತ್ರಿ ಹಚ್ಚಲಾಕ ಮನಸ್ ಆಗವಲ್ದು ಅಕ್ಕೋರೆ, ಹಂಗೇ ಇಟ್ಟುಕೋರಿ" ಅಂದರು. ಇಷ್ಟು ವರ್ಷ ಹಾಗೇ ಇಟ್ಟದ್ದಾಯಿತು, ಹಚ್ಚಿರಿ ಅಂದೆ. ಅಳತೆಯ ಟೇಪು ತೆಗೆದರು. ತೋಳು ಮೊಣಕೈತನಕವೋ ಗಿಡ್ಡವೋ ಎಂದು ಕೇಳಿದರು. ಸೆಕೆಗೆ ಗಿಡ್ಡ ತೋಳೇ ಹಿತ, ಆದರೆ ಅವ್ವ ಮೊಣಕೈತನಕ ತೊಡುತ್ತಿದ್ದಳು. ಮೊಣಕೈತನಕ ಇಡಿ ಅಂದೆ. ಗುರುವಾರ ಬರ್ರಿ ಅಂದಿದ್ದಾರೆ.