ಓದು ತಲೆಗೆ ಹತ್ತದ ಮಕ್ಕಳು

(ಶತಮಾನೋತ್ಸವದ ಅಂಗವಾಗಿ ಜರುಗಿದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸೀಮೆಯಲ್ಲಿ ಒಂದು ಮಾತು ಬಹು ಸುಲಭವಾಗಿ ಬಾಯಿಗೆ ಬರುತ್ತದೆ: “ಇವನಿಗೆ ಓದು ತಲೆಗೆ ಹತ್ತೋದಿಲ್ಲ.” ಈ ತೀರ್ಪು ಹೊರಬಿದ್ದ ಮೇಲೆ ಹುಡುಗನು ಬಳ್ಳಾರಿಯಲ್ಲಾದರೆ ಜೀನ್ಸ್ ಹೊಲಿಯುವ ಘಟಕಕ್ಕೆ, ಕುರುಗೋಡಿನಲ್ಲಾದರೆ ಮೆಣಸಿನಕಾಯಿ ಹೊಲಕ್ಕೆ, ಸಿರುಗುಪ್ಪದಲ್ಲಾದರೆ ಭತ್ತದ ಗದ್ದೆಗೆ ನಡೆದುಬಿಡುತ್ತಾನೆ. ಏಕೆ ಹತ್ತಲಿಲ್ಲವೆಂದು ವಿಚಾರಿಸುವವರು ವಿರಳ. ಆ ‘ಏಕೆ’ ಎಂಬುದನ್ನು ಕುರಿತೇ ನಾವು ಇಂದು ನಾಲ್ಕು ಮಾತನಾಡಬಯಸುತ್ತೇವೆ.

ಹಿಂದಿನ ಬೆಂಚಿನ ಮಗುವಿಗೆ ಕರಿಹಲಗೆ ಮಸುಕಾಗಿ ಕಾಣುತ್ತಿದ್ದರೆ, ಕಿವಿ ಸೋರುವ ಮಗುವಿಗೆ ಪಾಠ ಅರ್ಧಂಬರ್ಧ ಕೇಳಿಸುತ್ತಿದ್ದರೆ, ಬುದ್ಧಿಯನ್ನು ದೂರಿ ಫಲವೇನು? ಕಣ್ಣು ಕಿವಿಗಳ ಪರೀಕ್ಷೆ ಎಲ್ಲಕ್ಕಿಂತ ಮೊದಲು ಆಗತಕ್ಕದ್ದು.

ಗಡಿನಾಡಿನವರಾದ ನಮಗೆ ಇನ್ನೊಂದು ವಿಶೇಷ ತೊಡಕುಂಟು. 1953ರ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ ಬಳ್ಳಾರಿ, ಸಿರುಗುಪ್ಪಗಳು ಮೈಸೂರಿಗೂ ಸೇರಿದವು. ಆದರೆ ಮನೆಮಾತು ಗಡಿಕಲ್ಲನ್ನು ಕಂಡು ನಿಲ್ಲುವುದಿಲ್ಲವಷ್ಟೆ! ಮನೆಯಲ್ಲಿ ತೆಲುಗನ್ನೋ ಉರ್ದುವನ್ನೋ ಆಡುವ ಮಗು ಕನ್ನಡ ಪುಸ್ತಕದ ಮುಂದೆ ತಡವರಿಸುವುದು ಸಹಜ. ಅದು ನ್ಯೂನತೆಯಲ್ಲ, ಮಾತಿನ ಬಳಕೆ ಹೆಚ್ಚಿದಂತೆ ನೀಗುವ ಕೊರತೆ.

ನಿಜವಾದ ಕಲಿಕಾ ನ್ಯೂನತೆಯ ಬಗೆಯೇ ಬೇರೆ. ಸಂತೆಯಲ್ಲಿ ಚಿಲ್ಲರೆಯನ್ನು ತಪ್ಪದೆ ಎಣಿಸಿ ತರುವ ಹುಡುಗಿ ‘ಅಕ್ಕ’ ಎಂಬುದನ್ನು ‘ಅಕ’ ಎಂದೂ ‘ಹಳ್ಳಿ’ಯನ್ನು ‘ಹಳಿ’ ಎಂದೂ ಬರೆಯುತ್ತಾಳೆ, ‘ಮ’ಕಾರ ‘ವ’ಕಾರಗಳು ಅದಲುಬದಲಾಗುತ್ತವೆ, ದೀರ್ಘಗಳು ಬಿಟ್ಟುಹೋಗುತ್ತವೆ. ನಮ್ಮ ಜ್ಞಾನೋಪದೇಶದ ತರಗತಿಯಲ್ಲಿಯೂ ಜಪಗಳನ್ನೆಲ್ಲ ಬಾಯಿಪಾಠವಾಗಿ ಒಪ್ಪಿಸುವ ಮಗು ಅದೇ ಜಪವನ್ನು ಪುಸ್ತಕ ನೋಡಿ ಓದಲಾರದೆ ನಿಲ್ಲುವುದುಂಟು. ಮೊದಮೊದಲು ಎಲ್ಲ ಮಕ್ಕಳೂ ಹೀಗೆಯೇ ತಪ್ಪುತ್ತಾರೆ. ಕಲಿಸಿದರೂ ಮೂರನೆಯ ತರಗತಿಯವರೆಗೆ ತಪ್ಪು ಉಳಿದುಬಂದರೆ ಎಚ್ಚರಗೊಳ್ಳಬೇಕು.

1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಇದಕ್ಕೆ ಸ್ಥಾನವೇ ಇರಲಿಲ್ಲ. 2016ರ ಕಾಯಿದೆಯು 21 ಬಗೆಯ ನ್ಯೂನತೆಗಳಲ್ಲಿ ಇದನ್ನೂ ಸೇರಿಸಿ, ಆದಷ್ಟು ಬೇಗನೆ ಗುರುತಿಸಿ ತಕ್ಕ ರೀತಿಯಲ್ಲಿ ಕಲಿಸುವ ಹೊಣೆಯನ್ನು ಸರಕಾರದ ಅನುದಾನ ಅಥವಾ ಮನ್ನಣೆ ಪಡೆದ ಶಾಲೆಗಳ ಮೇಲೆಯೇ ಹೊರಿಸಿದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವ ಸಹಾಯಕ, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ, ಇವೂ ಅದರಲ್ಲಿ ಹೇಳಿದವೇ.

ಆದರೆ ಹತ್ತನೆಯ ತರಗತಿಯ ಹೊಸ್ತಿಲಲ್ಲಿ ಓಡಾಡಿ ತಂದ ವಿನಾಯಿತಿಯನ್ನು ನಾವು ದೊಡ್ಡ ಉಪಕಾರವೆಂದು ಎಣಿಸಲಾರೆವು. ಏಳು ವರ್ಷ ಕಲಿಸದೆ ಬಿಟ್ಟು ಕೊನೆಯಲ್ಲಿ ಮನ್ನಿಸಿದರೆ ಮಗುವಿನ ಕೈಗೆ ಬಂದುದೇನು? ಒಮ್ಮೆಗೆ ನಾಲ್ಕೈದೇ ಅಕ್ಷರ. ಉಸುಕಿನ ಮೇಲೆ ಬೆರಳಿನಿಂದ ತಿದ್ದುತ್ತ ಬಾಯಿಬಿಟ್ಟು ಹೇಳುವುದು. ಗುಣಿತಾಕ್ಷರ ಗಟ್ಟಿಯಾದ ಮೇಲಷ್ಟೆ ಒತ್ತಕ್ಷರ. ಪಾಠದ ಪ್ರಶ್ನೆಗೆ ಬಾಯಿಮಾತಿನ ಉತ್ತರವನ್ನೂ ಒಪ್ಪುವುದು. ಇದಕ್ಕೆ ಹಣ ಬೇಡ, ದಿನಕ್ಕೆ ಅರ್ಧ ಗಂಟೆ ಮತ್ತು ತಾಳ್ಮೆ ಬೇಕು. ತುಂಬಿದ ತರಗತಿಯಲ್ಲಿ ಆ ಮಗುವನ್ನೇ ಎಬ್ಬಿಸಿ ಗಟ್ಟಿಯಾಗಿ ಓದಿಸುವ ಪದ್ಧತಿಯನ್ನಂತೂ ಶಿಕ್ಷಕಬಂಧುಗಳು ಕೈಬಿಡಲೇಬೇಕು.

ಪಾಲಕರ ಅಂಜಿಕೆಯೂ ನಮಗೆ ತಿಳಿಯದ್ದಲ್ಲ. ಪ್ರಮಾಣಪತ್ರ ಮಾಡಿಸಿದರೆ ಮಗಳಿಗೆ ನಾಳೆ ವರ ದೊರೆಯುವುದೇ ಎಂದು ತಾಯಂದಿರು ಕಳವಳಪಡುತ್ತಾರೆ. ಸಿರುಗುಪ್ಪದಿಂದ ಬಳ್ಳಾರಿಯ ಆಸ್ಪತ್ರೆಗೆ ಒಮ್ಮೆ ಹೋಗಿಬಂದರೆ ಒಂದು ದಿನದ ಕೂಲಿ ಕಳೆಯಿತು; ಎರಡು ಮೂರು ಸಲ ಬರಹೇಳಿದರೆ ಮನೆಯ ಒಲೆಯ ಚಿಂತೆ. ಇಲ್ಲಿಯೇ ಧರ್ಮಕೇಂದ್ರದ ಸಂಘಗಳಿಗೆ ಕೆಲಸವಿದೆ: ಜೊತೆಗೆ ಹೋಗುವ ಒಬ್ಬರು, ಬಸ್ಸಿನ ಖರ್ಚು, ಅರ್ಜಿ ತುಂಬುವ ಕೈ. ತಾಲ್ಲೂಕಿನ ಶಿಕ್ಷಣ ಇಲಾಖೆಯಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿರುತ್ತಾರೆ; ಮುಖ್ಯೋಪಾಧ್ಯಾಯರ ಮೂಲಕ ಮೊದಲು ಅವರನ್ನು ಕಾಣುವುದು ಲೇಸು.

ಈ ಸಭೆ ಮುಗಿದ ಮೇಲೆ ನಾವು ಇಲ್ಲಿಯೇ ಕುಳಿತಿರುತ್ತೇವೆ. ಎರಡನೆಯ, ಮೂರನೆಯ ತರಗತಿಯ ಮಕ್ಕಳುಳ್ಳವರು ಮಗುವಿನ ಬರವಣಿಗೆಯ ಪುಸ್ತಕವನ್ನು, ತಿದ್ದದೆ, ಇದ್ದುದು ಇದ್ದಂತೆಯೇ ತಂದು ತೋರಿಸಬೇಕೆಂದು ಬೇಡಿಕೊಳ್ಳುತ್ತೇವೆ.