ಮಿತ ಸಂಸಾರ ಮತ್ತು ಬಲವಂತ

ಸದ್ಭಕ್ತರೆ, ಸಂಸಾರ ಮಿತವಾಗಿರಬೇಕೆಂಬುದಕ್ಕೆ ನಮ್ಮ ಅಭ್ಯಂತರವಿಲ್ಲ. ಮೇಲಿಂದ ಮೇಲೆ ಹೆತ್ತು ಸೊರಗಿದ ತಾಯಂದಿರನ್ನೂ, ಹೊಲ ತುಂಡುತುಂಡಾಗಿ ಬಡವಾದ ಮನೆಗಳನ್ನೂ ನಾವು ಬಲ್ಲೆವು. ಮೈಸೂರು ಸಂಸ್ಥಾನವು 1930ರಲ್ಲಿಯೇ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಿತು, ಬೇಕೆಂದವರು ಹೋದರು. ಆದರೆ 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲಕ್ಕೆ, ಒಬ್ಬೊಬ್ಬ ನೌಕರನಿಗೂ ಇಷ್ಟು ತಲೆಯೆಂದು ಗುರಿ ಕೊಟ್ಟರು. ಹರಿಯಾಣದ ಉಟಾವರವೆಂಬ ಹಳ್ಳಿಯನ್ನು ಪೊಲೀಸರು ಸುತ್ತುವರಿದು ಗಂಡಸರನ್ನು ಹಿಡಿದೊಯ್ದರು. 1976-77ರಲ್ಲಿ ಸುಮಾರು 62 ಲಕ್ಷ ಗಂಡಸರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯಾಯಿತು. ಅಂದು ಹೆದರಿದ ಗಂಡಸರು ಮತ್ತೆ ಆ ಕಡೆ ಸುಳಿಯಲಿಲ್ಲ. ಭಾರವೆಲ್ಲ ತಾಯಂದಿರ ಮೇಲೆ ಬಿದ್ದಿತು. 2019-21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮಾಡಿಸಿಕೊಂಡವರು ನೂರು ಮನೆವಂದಿಗ ಹೆಂಗಸರಲ್ಲಿ ಸುಮಾರು 38; ಅವರ ಗಂಡಂದಿರಲ್ಲಿ ನೂರಕ್ಕೆ ಒಬ್ಬನೂ ಇಲ್ಲ! ಇಲ್ಲಿ ಕುಳಿತ ಗಂಡಸರು ಎಷ್ಟು ಮಂದಿ ಮಾಡಿಸಿಕೊಂಡಿದ್ದೀರಿ? ಕೈ ಎತ್ತಬೇಡಿರಿ, ಕೇಳಿದೆವಷ್ಟೆ.