ಶ್ವಾಸವೂ ನಾಡಿಯ ಗತಿಯೂ
(ಕೂಳೂರಿನ ಭಕ್ತಸಭೆಯಲ್ಲಿ ಓದಲ್ಪಟ್ಟ ಉಪನ್ಯಾಸ)



ಕೂಳೂರು ಹೊಳೆಯ ದಡದ ಊರು. ಗುರುಪುರದ ಹೊಳೆಯೆಂದೂ ಕರೆಯಲ್ಪಡುವ ಫಲ್ಗುಣಿಯು ಇಲ್ಲಿ ದಕ್ಷಿಣಕ್ಕೆ ತಿರುಗಿ, ಕಡಲಿಗೆ ಸಮೀಪವಾಗಿಯೇ ಹರಿದು, ನೇತ್ರಾವತಿಯನ್ನು ಕೂಡಿಕೊಂಡು ಅಳಿವೆಯಲ್ಲಿ ಸಮುದ್ರವನ್ನು ಸೇರುತ್ತದೆ. ಅಳಿವೆಯ ಬಾಗಿಲಿನಲ್ಲಿ ಮರಳು ಕಟ್ಟಿಕೊಂಡರೆ, ಅಥವಾ ಮಳೆಗಾಲದ ನೆರೆಗೆ ಭರತದ ನೀರು ಎದುರಾಗಿ ನಿಂತರೆ, ಹೊಳೆಯು ಹಿಂದಕ್ಕೆ ಒತ್ತಲ್ಪಟ್ಟು ದಡದ ಮೇಲೆ ಏರುವುದು. ಆಗ ದಡವನ್ನು ದೂಷಿಸುವವನು ಜಾಣನಲ್ಲ. ತಡೆಯು ಮುಂದೆ ಅಳಿವೆಯಲ್ಲಿದೆ. ಮನುಷ್ಯನ ಎದೆಯೊಳಗೂ ಇದೇ ನ್ಯಾಯವು ನಡೆಯುತ್ತದೆ. ಹೃದಯದ ಗತಿ ಕೆಟ್ಟಿತೆಂದು ಕಂಗೆಡುವ ಅನೇಕರಲ್ಲಿ ತಡೆಯು ಇರುವುದು ಶ್ವಾಸಕೋಶದಲ್ಲಿ. ಈ ಸಂಬಂಧವನ್ನು ವಿವರಿಸುವುದೇ ಪ್ರಕೃತ ಉಪನ್ಯಾಸದ ಉದ್ದೇಶ.

ಇದು ಈ ದೇಶದ ವೈದ್ಯಕ್ಕೆ ಅಪರಿಚಿತವಾದ ವಿಚಾರವಲ್ಲ. ಚರಕಸಂಹಿತೆಯು ಪ್ರಾಣವಹ ಸ್ರೋತಸ್ಸುಗಳಿಗೆ, ಅಂದರೆ ಪ್ರಾಣವಾಯುವನ್ನು ಒಯ್ಯುವ ಮಾರ್ಗಗಳಿಗೆ, ಹೃದಯವೂ ಮಹಾಸ್ರೋತಸ್ಸೂ ಮೂಲವೆಂದು ಹೇಳಿ, ಉಸಿರಿನ ಮಾರ್ಗವನ್ನು ಹೃದಯದೊಡನೆಯೇ ಸೇರಿಸಿತು. ಶಾರ್ಙ್ಗಧರನು ನಾಡೀಪರೀಕ್ಷೆಯನ್ನು ವಿವರಿಸುವಾಗ, ನಿಂತು ನಿಂತು ನಡೆಯುವ ನಾಡಿಯನ್ನು ಪ್ರಾಣಕ್ಕೆ ಕುತ್ತೆಂದು ಎಣಿಸಿದನು. ಅರಬರಲ್ಲಿ 13ನೆಯ ಶತಮಾನದ ಇಬ್ನ್ ಅನ್ ನಫೀಸನು, ರಕ್ತವು ಹೃದಯದ ಬಲಭಾಗದಿಂದ ಶ್ವಾಸಕೋಶಕ್ಕೆ ಹೋಗಿ ಅಲ್ಲಿಂದ ಎಡಭಾಗಕ್ಕೆ ಬರುವುದೆಂದು ಬರೆದನು. ಇಂಗ್ಲೆಂಡಿನ ವಿಲಿಯಂ ಹಾರ್ವೆಯು 1628ರಲ್ಲಿ ರಕ್ತದ ಪರಿಚಲನವನ್ನು ಸಮಗ್ರವಾಗಿ ಪ್ರತಿಪಾದಿಸಿದನು.

ಆರೋಗ್ಯವಂತನಲ್ಲಿಯೂ ಉಸಿರು ನಾಡಿಯನ್ನು ಆಳುತ್ತದೆ. ಮಣಿಕಟ್ಟಿನಲ್ಲಿ ಹೆಬ್ಬೆರಳ ಬುಡದ ಕೆಳಗೆ ಮೂರು ಬೆರಳುಗಳನ್ನಿಟ್ಟು, ದೀರ್ಘವಾಗಿ ಉಸಿರನ್ನು ಎಳೆದು ಬಿಟ್ಟು ನೋಡಿದರೆ, ಎಳೆಯುವಾಗ ನಾಡಿಯು ತುಸು ತ್ವರೆಗೊಳ್ಳುವುದೂ ಬಿಡುವಾಗ ತುಸು ಮಂದವಾಗುವುದೂ ತಿಳಿಯುವುದು. ಎಳೆಯರಲ್ಲಿ ಇದು ಸ್ಪಷ್ಟವಾಗಿರುತ್ತದೆ. ಇದು ರೋಗವಲ್ಲ, ಹೆದರತಕ್ಕದ್ದೂ ಅಲ್ಲ. ತಾಳವು ಉಸಿರನ್ನು ಅನುಸರಿಸಿ ಹಿಗ್ಗಿ ಕುಗ್ಗುವುದು ಬೇರೆ, ತಾಳವೇ ತಪ್ಪುವುದು ಬೇರೆ.

ತಾಳ ತಪ್ಪುವುದು ಹೇಗೆಂಬುದನ್ನು ತಿಳಿಯಲು ಹೃದಯದ ರಚನೆಯನ್ನು ಸ್ವಲ್ಪ ನೋಡಬೇಕು. ಹೃದಯಕ್ಕೆ ನಾಲ್ಕು ಕೋಣೆಗಳು. ಮೇಲೆ ಎರಡು, ಕೆಳಗೆ ಎರಡು. ಬಲಭಾಗದ ಮೇಲಿನ ಕೋಣೆಯ ಗೋಡೆಯಲ್ಲಿ ಹೃದಯಕ್ಕೆ ತಾಳ ಹಾಕುವ ಒಂದು ಚಿಕ್ಕ ಗಂಟು ಇದೆ. ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಎಂಬವರು ಇದನ್ನು 1907ರಲ್ಲಿ ವರ್ಣಿಸಿದರು. ವಿಶ್ರಾಂತಿಯಲ್ಲಿರುವ ಪ್ರೌಢನಲ್ಲಿ ಇದು ನಿಮಿಷಕ್ಕೆ 60ರಿಂದ 100ರ ವರೆಗೆ ಮಿಡಿತವನ್ನು ಕೊಡುತ್ತದೆ. ದೇಹದ ರಕ್ತವೆಲ್ಲವೂ ಈ ಬಲಭಾಗಕ್ಕೆ ಬಂದು, ಶ್ವಾಸಕೋಶದ ಮೂಲಕವೇ ಹಾದು, ಎಡಭಾಗವನ್ನು ಸೇರಬೇಕು. ಬೇರೆ ದಾರಿಯಿಲ್ಲ.

ವರ್ಷಾನುವರ್ಷ ಹೊಗೆಯನ್ನು ಕುಡಿದ ಶ್ವಾಸಕೋಶದಲ್ಲಿ ಗಾಳಿಯ ಕೊಳವೆಗಳು ಕಿರಿದಾಗುತ್ತವೆ, ಗಾಳಿಯ ಗೂಡುಗಳು ಹರಿದು ಹೋಗುತ್ತವೆ, ರಕ್ತನಾಳಗಳು ಸಂಕೋಚಗೊಳ್ಳುತ್ತವೆ. ಇದೇ ಅಳಿವೆಯಲ್ಲಿ ಮರಳು ಕಟ್ಟಿದ ಸ್ಥಿತಿ. ಆಗ ಒತ್ತಡವು ಹಿಂದಕ್ಕೆ ತಿರುಗಿ ಹೃದಯದ ಬಲಭಾಗದ ಮೇಲೆ ಬೀಳುವುದು, ಕೋಣೆಗಳು ಹಿಗ್ಗುವುವು, ತಾಳದ ಗಂಟು ಇರುವ ಗೋಡೆಯೇ ಬಿಗಿದೆಳೆಯಲ್ಪಡುವುದು. ಇದರ ಮೇಲೆ ರಕ್ತದಲ್ಲಿ ಆಮ್ಲಜನಕವು ಕುಂದಿ ಅಂಗಾರಾಮ್ಲವು ಹೆಚ್ಚಿದರೆ ಹೃದಯದ ತಂತುಗಳು ಕೆರಳಿ, ಅಲ್ಲಲ್ಲಿ ತಮ್ಮಷ್ಟಕ್ಕೆ ತಾವೇ ಮಿಡಿಯತೊಡಗುವುವು. ಎಡಭಾಗದ ಕಥೆಯೂ ಶ್ವಾಸಕೋಶವನ್ನು ಬಿಟ್ಟದ್ದಲ್ಲ. ಅಲ್ಲಿಂದ ಶುದ್ಧರಕ್ತವನ್ನು ತರುವ ಅಭಿಧಮನಿಗಳು ಹೃದಯವನ್ನು ಸೇರುವೆಡೆಯಲ್ಲಿಯೇ ಗತಿಭಂಗದ ಕಿಡಿಗಳು ಬಹಳವಾಗಿ ಹುಟ್ಟುವುವೆಂದು, ಫ್ರಾನ್ಸಿನ ಬೋರ್ಡೋ ನಗರದ ಹೈಸಾಗೇರ್ ಎಂಬ ವೈದ್ಯರೂ ಅವರ ಸಂಗಡಿಗರೂ 1998ರಲ್ಲಿ ತೋರಿಸಿಕೊಟ್ಟರು.

ಮೇಲಿನ ಕೋಣೆಗಳು ಹೀಗೆ ಮಿಡಿಯುವುದನ್ನು ಬಿಟ್ಟು ಬರಿದೆ ಕಂಪಿಸತೊಡಗಿದರೆ, ರಕ್ತವು ಅಲ್ಲಿ ಮಡುಗಟ್ಟಿ ಹೆಪ್ಪಾಗುವ ಸಂಭವವುಂಟು. ಆ ಹೆಪ್ಪಿನ ಚೂರು ಮೆದುಳಿನ ನಾಳಕ್ಕೆ ಹೋಗಿ ಸಿಕ್ಕಿಕೊಂಡರೆ ಪಕ್ಷವಾತ. ಈ ಗತಿಭಂಗವುಳ್ಳವರಲ್ಲಿ ಪಕ್ಷವಾತದ ಭಯವು ಇತರರಿಗಿಂತ ಸುಮಾರು ಐದು ಪಾಲು ಅಧಿಕವೆಂದು ಗಣಿಸಲಾಗಿದೆ. ಇಂತಹ ಗೃಹಸ್ಥನೊಬ್ಬನನ್ನು ಭಾವಿಸಬಹುದು: ಹತ್ತಾರು ವರ್ಷಗಳಿಂದ ದಮ್ಮು, ಮನೆಯವರಿಗೆಲ್ಲ ಅದು ರೂಢಿ. ಒಂದು ದಿನ ಎದೆ ಡವಡವನೆ ಹೊಡೆದುಕೊಳ್ಳುತ್ತದೆ, ಮೆಟ್ಟಿಲ ಬಳಿ ಕಣ್ಣು ಕತ್ತಲೆಗಟ್ಟುತ್ತದೆ. ದಮ್ಮು ಹೆಚ್ಚಾಯಿತೆಂದು ಮನೆಯವರು ಅಂದುಕೊಳ್ಳುತ್ತಾರೆ. ಅವನು ಸೇದುವ ಔಷಧವನ್ನು ಇನ್ನೆರಡು ಬಾರಿ ಸೇದಿ ಮಲಗುತ್ತಾನೆ. ಬೆಳಗಾಗುವಾಗ ಬಲಗೈ ಏಳುವುದಿಲ್ಲ, ಮಾತು ಹೊರಡುವುದಿಲ್ಲ. ಹಳೆಯ ರೋಗದ ಹೆಸರಿನ ಮರೆಯಲ್ಲಿ ಹೊಸ ರೋಗವು ಮನೆಯನ್ನು ಹೊಕ್ಕಿತು. ಅದನ್ನು ಯಾರೂ ವಿಚಾರಿಸಲಿಲ್ಲ.

ದೂರದಿಂದ ಬರುವ ಹೊಗೆಯನ್ನು ಎಲ್ಲರೂ ಕಾಣುತ್ತಾರೆ. ಮನೆಯ ಹೊಗೆಯನ್ನು ಯಾರೂ ಕಾಣುವುದಿಲ್ಲ. ಕೂಳೂರಿನ ಹೆದ್ದಾರಿಯಲ್ಲಿ ಬಂದರಿನ ಕಡೆಗೆ ಲಾರಿಗಳು ಓಡುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಕುಚ್ಚಲಕ್ಕಿಯ ಗಂಜಿಯು ಬೇಯಲು ಬಹುಹೊತ್ತು ಬೇಕು. ಸೌದೆಯ ಒಲೆಯಾದರೆ ಅಷ್ಟು ಹೊತ್ತೂ ಊದುತ್ತ ಕುಳಿತ ತಾಯಿಗೆ ಹೊಗೆಯೇ ಉಸಿರು. ಬಚ್ಚಲ ಹಂಡೆಗೆ ಹಸಿ ಮಡಲನ್ನೋ ತೆಂಗಿನ ಸಿಪ್ಪೆಯನ್ನೋ ತುರುಕಿದಾಗ ಏಳುವ ಹೊಗೆಯೂ ಅಂಥದ್ದೇ. ಡಾಕ್ಟರ್ ಪದ್ಮಾವತಿಯವರು 1917ರಲ್ಲಿ ಬರ್ಮಾದಲ್ಲಿ ಜನಿಸಿ, ದಿಲ್ಲಿಯಲ್ಲಿ ಹೃದ್ರೋಗಚಿಕಿತ್ಸೆಗೆ ಅಡಿಪಾಯ ಹಾಕಿ, 2020ರಲ್ಲಿ ನಿಧನಹೊಂದಿದರು. ಶ್ವಾಸಕೋಶದ ರೋಗದಿಂದ ಹೃದಯದ ಬಲಭಾಗವು ಸೋಲುವುದನ್ನು ಕುರಿತು ಅವರು ಸಹೋದ್ಯೋಗಿಯೊಡನೆ 1959ರಲ್ಲಿ ಪ್ರಕಟಿಸಿದ ಲೇಖನವು ಪ್ರಸಿದ್ಧವಾದುದು. ಪಶ್ಚಿಮ ದೇಶಗಳಲ್ಲಿ ಬಹುಮಟ್ಟಿಗೆ ಗಂಡಸರ ರೋಗವೆಂದು ಎಣಿಸಲ್ಪಟ್ಟಿದ್ದುದು ಇಲ್ಲಿ ಎಂದೂ ಧೂಮಪಾನ ಮಾಡದ ಹೆಂಗಸರಲ್ಲಿಯೂ ಕಾಣಿಸಿಕೊಂಡಿತು. ಅದಕ್ಕೆ ಅಡುಗೆಯ ಹೊಗೆಯೇ ಕಾರಣವೆಂಬ ಅಭಿಪ್ರಾಯವು ಬಲವಾಯಿತು. ಈ ಜಿಲ್ಲೆಯಲ್ಲಿ ಬೀಡಿಯನ್ನು ಸೇದುವ ಗಂಡಸರೂ ಉಂಟು, ಮನೆಯಲ್ಲಿಯೇ ಬೀಡಿ ಕಟ್ಟಿ ಸಂಸಾರವನ್ನು ಸಾಕುವ ಹೆಂಗಸರೂ ಉಂಟು. ಹೊಗೆಸೊಪ್ಪಿನ ಹೊಗೆಯೂ ಅದರ ಧೂಳೂ ಉಸಿರಿಗೆ ಹಿತವಲ್ಲ. ಮುಚ್ಚಿದ ಕೋಣೆಯಲ್ಲಿ ಉರಿಯುವ ಧೂಪ ಅಗರಬತ್ತಿಗಳ ಹೊಗೆಯೂ ದಮ್ಮಿನವನಿಗೆ ಹೊಗೆಯೇ. ಪೂಜೆಯು ನಿಲ್ಲಬೇಕಾಗಿಲ್ಲ, ಕಿಟಕಿಯು ತೆರೆದಿದ್ದರೆ ಸಾಕು.

ಇನ್ನು ಕರ್ತವ್ಯವೇನು? ಮೊದಲನೆಯದು, ನಾಡಿಯನ್ನು ನೋಡುವುದು. ಮನೆಯಲ್ಲಿ ದಮ್ಮಿನವರಿದ್ದರೆ ಆಗಾಗ ಒಂದು ಪೂರ್ಣ ನಿಮಿಷ ಅವರ ನಾಡಿಯನ್ನು ಎಣಿಸತಕ್ಕದ್ದು. ಕುಳಿತಿದ್ದರೂ ಅದು ನೂರನ್ನು ಮೀರಿದ್ದರೆ, ಅಥವಾ ಯಾವ ಕ್ರಮಕ್ಕೂ ಸಿಕ್ಕದೆ ಒಮ್ಮೆ ಬೇಗ ಒಮ್ಮೆ ನಿಧಾನವಾಗಿ ಬಡಿದರೆ, ವೈದ್ಯರಲ್ಲಿಗೆ ಹೋಗಿ ಹೃದಯದ ವಿದ್ಯುತ್‌ಲೇಖವನ್ನು, ಅಂದರೆ ಇ.ಸಿ.ಜಿ.ಯನ್ನು, ತೆಗೆಸಬೇಕು. ಎದೆನೋವು, ಮೂರ್ಛೆ, ತುಟಿಗಳು ನೀಲಿಯಾಗುವುದು, ಬಾಯಿ ಸೊಟ್ಟಗಾಗುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ನಾಳೆಯೆನ್ನದೆ ಕೂಡಲೇ ಆಸ್ಪತ್ರೆಯನ್ನು ಸೇರಬೇಕು. ಮಂಗಳೂರಿನ ಹೃದ್ರೋಗತಜ್ಞರಾದ ಡಾಕ್ಟರ್ ಪದ್ಮನಾಭ ಕಾಮತರು 2018ರ ಸುಮಾರಿನಿಂದ ಹಳ್ಳಿಗಳ ಆರೋಗ್ಯಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಒದಗಿಸಿ, ಅಲ್ಲಿಯ ವೈದ್ಯರು ವಾಟ್ಸಾಪಿನಲ್ಲಿ ಕಳುಹಿಸುವ ಲೇಖಗಳನ್ನು ತಜ್ಞರು ನೋಡಿ ಸಲಹೆ ಕೊಡುವ ಏರ್ಪಾಟನ್ನು ಬೆಳೆಯಿಸಿರುವುದು ಈ ಸೀಮೆಗೆ ಭೂಷಣವಾದ ಕಾರ್ಯ.

ಎರಡನೆಯದು, ವೈದ್ಯರಿಗೆ ಎರಡು ರೋಗಗಳನ್ನೂ ತಿಳಿಸುವುದು. ದಮ್ಮಿಗೆ ಸೇದುವ ಕೆಲವು ಔಷಧಗಳು ಮಿತಿಮೀರಿದರೆ ಹೃದಯವನ್ನು ಓಡಿಸುತ್ತವೆ. ಥಿಯೋಫಿಲಿನ್ ಎಂಬ ಗುಳಿಗೆಯು ಅಧಿಕವಾದರೆ ಗತಿಯನ್ನು ಕೆಡಿಸುತ್ತದೆ. ಅತ್ತ ಹೃದಯವನ್ನು ಶಾಂತಗೊಳಿಸುವ ಪ್ರೊಪ್ರನೊಲಾಲ್ ಆಸ್ತಮಾವನ್ನು ಕೆರಳಿಸಬಲ್ಲುದು. ಗತಿಯನ್ನು ಸರಿಪಡಿಸುವ ಅಮಿಯೊಡರೋನ್ ಕೆಲವರ ಶ್ವಾಸಕೋಶಕ್ಕೇ ಕೆಡುಕನ್ನು ಮಾಡಬಲ್ಲುದು. ಹೀಗೆಂದು ತಾವಾಗಿಯೇ ಔಷಧವನ್ನು ನಿಲ್ಲಿಸುವುದು ಇನ್ನೂ ದೊಡ್ಡ ತಪ್ಪು. ತೆಗೆದುಕೊಳ್ಳುವ ಗುಳಿಗೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ವೈದ್ಯರ ಮುಂದೆ ಇಡುವುದೇ ಸುಲಭವಾದ ದಾರಿ.

ಮೂರನೆಯದು, ಮೂಲವನ್ನು ಶುದ್ಧಿಮಾಡುವುದು. ಹೃದಯದ ಮೇಲಿನ ಕೋಣೆಗಳಲ್ಲಿ ಹಲವು ಕಡೆ ಒಮ್ಮೆಗೇ ಮಿಡಿತ ಹುಟ್ಟಿ ನಾಡಿಯು ನೂರನ್ನು ಮೀರಿ ತಾಳ ತಪ್ಪುವ ಒಂದು ಬಗೆಯುಂಟು. 1968ರಲ್ಲಿ ಅಮೆರಿಕೆಯ ವೈದ್ಯರು ಇದನ್ನು ವಿಶದವಾಗಿ ವರ್ಣಿಸಿದರು. ಶ್ವಾಸಕೋಶದ ಕಠಿನ ರೋಗವುಳ್ಳವರಲ್ಲಿಯೇ ಇದು ಹೆಚ್ಚಾಗಿ ಕಾಣುವುದು. ಇದಕ್ಕೆ ಮೊದಲ ಚಿಕಿತ್ಸೆ ಹೃದಯಕ್ಕಲ್ಲ, ಶ್ವಾಸಕೋಶಕ್ಕೆ: ಆಮ್ಲಜನಕವನ್ನು ತಕ್ಕಷ್ಟು ಕೊಟ್ಟು, ಕಫದ ಸೋಂಕನ್ನು ಇಳಿಸಿ, ರಕ್ತದ ಲವಣಗಳನ್ನು ಸಮಗೊಳಿಸಿದರೆ ಅನೇಕರಲ್ಲಿ ತಾಳವು ತಾನಾಗಿಯೇ ಮರಳಿ ಬರುತ್ತದೆ. ಅಳಿವೆಯ ಬಾಗಿಲು ಬಿಟ್ಟಿತು, ಹೊಳೆಯು ಇಳಿಯಿತು.

ಬೀಡಿಯನ್ನು ಬಿಟ್ಟವನು ಕಳೆದುಹೋದ ಶ್ವಾಸಕೋಶವನ್ನು ಮರಳಿ ಪಡೆಯಲಾರನು. ಆದರೆ ಉಳಿದುದನ್ನು ಉಳಿಸಿಕೊಳ್ಳುವನು. ಅರುವತ್ತನೆಯ ವಯಸ್ಸಿನಲ್ಲಿ ಬಿಟ್ಟರೂ ಲಾಭವುಂಟು. ತಾಯಿಯ ಒಲೆಗೆ ಹೊಗೆಗೂಡನ್ನು ಕಟ್ಟಿಸಿದ, ಅಥವಾ ಅವಳಿಗೆ ಅನಿಲದ ಒಲೆಯನ್ನು ತಂದಿತ್ತ ಮಗನು ಅವಳ ಶ್ವಾಸಕ್ಕೆ ಮಾತ್ರವಲ್ಲ, ಹೃದಯಕ್ಕೂ ಸೇವೆಯನ್ನು ಮಾಡಿದನು. ಈ ಸಭೆಯಿಂದ ಮನೆಗೆ ಹೋದ ಪ್ರತಿಯೊಬ್ಬರೂ ಇಂದು ರಾತ್ರಿ ಮನೆಯ ಹಿರಿಯರ ಪಕ್ಕದಲ್ಲಿ ಕುಳಿತು, ಅವರ ಕೈಯನ್ನು ಹಿಡಿದು, ಒಂದು ನಿಮಿಷ ನಾಡಿಯನ್ನು ಎಣಿಸಿದರೆ ಈ ಉಪನ್ಯಾಸವು ಸಾರ್ಥಕವಾಗುವುದು. ಸರ್ವರಿಗೂ ಮಂಗಳವಾಗಲಿ.